ಮನವೊಲಿಕೆಯ ಅಧ್ಯಯನಕ್ಕೆ ಗೇಮ್ ಆರಿಸಬೇಕೋ, ಮೀಮ್ ಆರಿಸಬೇಕೋ?

ರೆಟರಿಕ್, ಅಂದರೆ ಮನವೊಲಿಸುವ ಕಲೆಯ ಕುರಿತು ಪ್ರಬಂಧ ಬರೆಯಲು ಹೊರಟವರಿಗೆ ಈ ಪ್ರಶ್ನೆ ಎದುರಾಗುತ್ತದೆ.

ವಿಡಿಯೊ ಗೇಮ್ ಮಾತಿಗಿಂತ ಹೆಚ್ಚಾಗಿ ನಿಯಮಗಳ ಮೂಲಕ ವಾದಿಸುತ್ತದೆ. ಗೇಮ್ ಸಂಶೋಧಕ ಇಯಾನ್ ಬೊಗೋಸ್ಟ್ 2007ರ ಕೃತಿಯಲ್ಲಿ ಇದನ್ನೇ ‘ಪ್ರೊಸೀಜರಲ್ ರೆಟರಿಕ್’ ಎಂದು ವಿವರಿಸಿದರು. 2013ರ ‘ಪೇಪರ್ಸ್, ಪ್ಲೀಸ್’ ಆಟವನ್ನು ನೋಡಿ: ಆಟಗಾರ ಗಡಿಯಲ್ಲಿ ದಾಖಲೆ ಪರಿಶೀಲಿಸುವ ಅಧಿಕಾರಿ. ಎಷ್ಟು ಜನರನ್ನು ಪರಿಶೀಲಿಸಿದನೋ ಅಷ್ಟು ಸಂಬಳ. ತಪ್ಪು ಹೆಚ್ಚಿದರೆ ದಂಡ. ಮನೆಯಲ್ಲಿ ಹಸಿವು, ಚಳಿ. ಕರುಣೆ ತೋರಿದರೆ ಕುಟುಂಬ ಸೊರಗುತ್ತದೆ. ದಬ್ಬಾಳಿಕೆಯ ಬಗ್ಗೆ ಯಾರೂ ಉಪದೇಶ ಮಾಡುವುದಿಲ್ಲ, ಆದರೆ ನಿರಾಕರಣೆಯ ಮುದ್ರೆ ಒತ್ತಿದ್ದು ನಮ್ಮದೇ ಕೈ! ಇಂಥ ವಾದ ಬೇರೆ ಮಾಧ್ಯಮಕ್ಕೆ ಸುಲಭವಲ್ಲ. ಆದರೆ ಗಂಟೆಗಟ್ಟಲೆ ಆಡಬೇಕು, ಆಯ್ಕೆ ಬದಲಿಸಿ ಮತ್ತೆ ಆಡಬೇಕು, ಪ್ರತಿ ಸಲವೂ ಟಿಪ್ಪಣಿ ಬರೆದುಕೊಳ್ಳಬೇಕು.

ಮೀಮ್ ಬೇಗ ಕೈಗೆ ಸಿಗುತ್ತದೆ. ಒಂದೇ ಚಿತ್ರ, ಬದಲಾಗುವ ಸಾಲು. ಅದರ ಬಲವಿರುವುದು ಈ ಪುನರಾವರ್ತನೆಯಲ್ಲಿ. ಕರ್ತೃವನ್ನು ಗುರುತಿಸುವುದು ಕಷ್ಟ, ಸಂದರ್ಭವೂ ಬೇಗ ಮಸುಕಾಗುತ್ತದೆ. ಕಂಡ ದಿನವೇ ದಿನಾಂಕ ಸಹಿತ ಉಳಿಸಿಟ್ಟುಕೊಳ್ಳಿ.

ಒಂದೆರಡು ತಿಂಗಳ ಸಮಯವಷ್ಟೇ ಇದ್ದರೆ ಮೀಮ್ ಸಾಕು. ವರ್ಷವಿದ್ದರೆ ಗೇಮ್ ಎಂದೇ ನಾನು ಒತ್ತಾಯಿಸುತ್ತೇನೆ. ಒಂದನ್ನೇ ಆರಿಸಿ ಆಳಕ್ಕೆ ಇಳಿಯಿರಿ.