ಕಪ್ಪು ಕಾರು, ಬೋರ್‌ವೆಲ್ ನೀರು, ಒಂದು ದಪ್ಪ ಟವೆಲ್: ಎರಡು ಮಳೆಗಾಲ ಬಳಸಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಈ ಟವೆಲ್ ಕೊಟ್ಟ ದುಡ್ಡಿಗೆ ಮೋಸ ಮಾಡಿಲ್ಲ. ಆದರೆ ಟವೆಲ್ ಒಂದನ್ನೇ ತರಿಸಿಕೊಂಡು, ತೊಳೆಯುವ ಕ್ರಮವನ್ನು ಹಳೇದೇ ಇಟ್ಟುಕೊಂಡರೆ 900 ರೂಪಾಯಿ ದಂಡ.

ಇದು ಕಾರು ತೊಳೆದ ಮೇಲೆ ನೀರು ತೆಗೆಯಲು ಅಂತಲೇ ಮಾಡಿದ ಮೈಕ್ರೋಫೈಬರ್ ಟವೆಲ್. ಅಗಲ 60 ಸೆಂಟಿಮೀಟರ್, ಉದ್ದ 90. ಲೇಬಲ್ ಮೇಲೆ 1200 ಜಿಎಸ್‌ಎಂ ಅಂತಿದೆ. ಅಂದರೆ ಒಂದು ಚದರ ಮೀಟರ್ ಬಟ್ಟೆ 1200 ಗ್ರಾಂ ತೂಗುತ್ತದೆ. ಲೆಕ್ಕ ಹಾಕಿದರೆ ಒಣಗಿದ ಟವೆಲ್ಲೇ ಸುಮಾರು 650 ಗ್ರಾಂ. ಪಾಲಿಯೆಸ್ಟರ್ 70 ಭಾಗ, ಪಾಲಿಯಮೈಡ್ 30 ಭಾಗ. ಮೈತುಂಬ ತಿರುಚಿದ ಶಾವಿಗೆ ಎಳೆಗಳ ಹಾಗೆ ಕುಚ್ಚು. ಇದೇ ನೇಯ್ಗೆಯನ್ನು ಹತ್ತಾರು ಕಂಪನಿಗಳು ಮಾರುತ್ತವೆ. ಹಾಗಾಗಿ ಬ್ರ್ಯಾಂಡ್ ಹೆಸರಿಗಿಂತ ನೇಯ್ಗೆ, ತೂಕ, ಅಂಚಿನ ಹೊಲಿಗೆ ನೋಡಿ ತೆಗೆದುಕೊಳ್ಳಿ.

ನನ್ನ ಕಾರು ಕಪ್ಪು ಹ್ಯಾಚ್‌ಬ್ಯಾಕ್. ಕುವೆಂಪುನಗರದಲ್ಲಿ ಮನೆ, ಕಾರು ನಿಲ್ಲುವುದು ಬೀದಿಯಲ್ಲಿ, ಹೊಂಗೆ ಮರದ ಕೆಳಗೆ. ಕಪ್ಪು ಕಾರು ಇಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಹಗಲು ಫಳಫಳ ಅನ್ನುತ್ತದೆ. ರಾತ್ರಿ ಬೀದಿದೀಪದ ಕೆಳಗೆ ನೋಡಿದರೆ ಬಾನೆಟ್ ತುಂಬ ಸುತ್ತು ಸುತ್ತು ಗೆರೆ. ಇದನ್ನೇ ಸ್ವರ್ಲ್ ಮಾರ್ಕ್ ಅನ್ನುವುದು. ಬಿಳಿ, ಬೆಳ್ಳಿ ಬಣ್ಣದ ಕಾರುಗಳಲ್ಲೂ ಈ ಗೆರೆಗಳು ಇರುತ್ತವೆ, ಅಷ್ಟಾಗಿ ಕಾಣುವುದಿಲ್ಲ ಅಷ್ಟೆ.

ಈ ಗೆರೆ ಬೀಳುವುದು ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರದ ಮೇಲೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ನಮ್ಮ ತಲೆಗೂದಲಿಗಿಂತ ತೆಳು. ರಸ್ತೆ ಧೂಳಿನಲ್ಲಿ ಮರಳಿನ ಕಣ ಇದ್ದೇ ಇರುತ್ತದೆ, ಅದು ಈ ಪದರಕ್ಕಿಂತ ಎಷ್ಟೋ ಗಟ್ಟಿ. ಬಟ್ಟೆ ಎಷ್ಟು ಮೆತ್ತಗಿದ್ದರೇನು, ನಡುವೆ ಒಂದು ಕಣ ಸಿಕ್ಕಿಕೊಂಡರೆ ಗೀರುವುದು ಆ ಕಣ. ಮಂಡ್ಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಹೋಗಿ ಬನ್ನಿ. ಟ್ರ್ಯಾಕ್ಟರ್ ಚಕ್ರಕ್ಕೆ ಮೆತ್ತಿದ ಗದ್ದೆ ಮಣ್ಣು ರಸ್ತೆಗೆ ಉದುರಿ, ಒಣಗಿ, ನಮ್ಮ ಬಾಗಿಲುಗಳ ಕೆಳಭಾಗಕ್ಕೆ ಬಂದು ಕೂತಿರುತ್ತದೆ. ಅದರ ಮೇಲೆ ನೇರವಾಗಿ ಒದ್ದೆ ಬಟ್ಟೆ ಆಡಿಸಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ?

ದಿನಾ ಬೆಳಗ್ಗೆ ಕಾರು ಒರೆಸುವ ವ್ಯವಸ್ಥೆ ನಮ್ಮ ಬೀದಿಯಲ್ಲೂ ಇದೆ. ಒಂದು ಬಕೆಟ್ ನೀರು, ಒಂದು ಬಟ್ಟೆ, ಬೀದಿಯ ಅಷ್ಟೂ ಕಾರು. ಒರೆಸುವವರನ್ನು ಬೈದು ಪ್ರಯೋಜನವಿಲ್ಲ. ನಾವು ಕೊಡುವ ತಿಂಗಳ ಕಾಸಿಗೆ, ಏಳು ಗಂಟೆಯೊಳಗೆ ಮುಗಿಸಿ ಅಂದರೆ ಅವರಾದರೂ ಇನ್ನೇನು ಮಾಡಿಯಾರು? ಈಗ ನನ್ನ ಕಾರಿಗೆ ಗಾಜು ಮಾತ್ರ ಒರೆಸಿ ಸಾಕು ಅಂದಿದ್ದೇನೆ. ಕಾಸು ಅಷ್ಟೇ ಕೊಡುತ್ತೇನೆ. ಇಬ್ಬರಿಗೂ ಖುಷಿ.

ಟವೆಲ್ ವಿಷಯಕ್ಕೆ ಬರೋಣ. ಇದರ ದೊಡ್ಡ ಗುಣ ಅಂದರೆ ಉಜ್ಜುವ ಅಗತ್ಯವೇ ಇಲ್ಲ. ಬಾನೆಟ್ ಮೇಲೆ ಪೂರ್ತಿ ಹಾಸಿ, ಎರಡು ತುದಿ ಹಿಡಿದು ನಿಧಾನವಾಗಿ ನಿಮ್ಮ ಕಡೆ ಎಳೆಯಿರಿ. ಹನಿಯೂ ಉಳಿಯುವುದಿಲ್ಲ. ಬಾಗಿಲುಗಳಿಗೆ ಒತ್ತಿ ತೆಗೆದರೆ ಸಾಕು. ಅಂಗಡಿಗಳಲ್ಲಿ ಸಿಗುವ ಹಳದಿ ಶಾಮಿ ಬಟ್ಟೆಯೂ ನೀರನ್ನು ಚೆನ್ನಾಗಿಯೇ ಹೀರುತ್ತದೆ. ಆದರೆ ಅದರ ಮೈ ನುಣುಪು. ಒಂದು ಕಣ ಉಳಿದಿದ್ದರೆ ಅದಕ್ಕೆ ಒಳಗೆ ಸೇರಿಕೊಳ್ಳಲು ಜಾಗವಿಲ್ಲ, ಬಣ್ಣದ ಮೇಲೇ ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಇಲ್ಲಿ ಕುಚ್ಚುಗಳ ಸಂದಿಗೆ ಹೋಗುತ್ತದೆ. ಮನೆಯ ಹಳೇ ಬನಿಯನ್, ಪಂಚೆ ಚೂರು ಇವುಗಳ ಬಗ್ಗೆ ಮಾತೇ ಬೇಡ. ಅವು ಚಕ್ರಕ್ಕೆ ಸರಿ.

ಒಂದು ಸಣ್ಣ ಉಪಾಯ. ಪೂರ್ತಿ ಒಣಗಿದ ಟವೆಲ್ ಮೊದಲ ಸಲ ನೀರು ಹಿಡಿಯಲು ಸ್ವಲ್ಪ ಹಟ ಮಾಡುತ್ತದೆ. ಶುದ್ಧ ನೀರು ಚಿಮುಕಿಸಿ ಲೈಟಾಗಿ ತೇವ ಮಾಡಿಕೊಂಡರೆ ಚೆನ್ನಾಗಿ ಹೀರುತ್ತದೆ. ಹ್ಯಾಚ್‌ಬ್ಯಾಕ್‌ಗೆ ಒಂದು ಟವೆಲ್ ಧಾರಾಳ. ನಮ್ಮ ಭಾವನ ಏಳು ಸೀಟಿನ ಗಾಡಿಗೆ ಇದು ಟಾಪ್ ಮತ್ತು ಬಾನೆಟ್ ಮುಗಿಸುವಷ್ಟರಲ್ಲಿ ಭಾರವಾಗಿ ಸೋರತೊಡಗಿತು. ದೊಡ್ಡ ಗಾಡಿ ಇದ್ದರೆ ಎರಡು ಬೇಕು.

ಮೈಸೂರಿನಲ್ಲಿ ಬೇಗ ಒಣಗಿಸುವುದು ಯಾಕೆ ಮುಖ್ಯ ಅಂದರೆ, ನೀರು. ಕಾರು ತೊಳೆಯಲು ನಾನು ಬಳಸುವುದು ಬೋರ್ ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬಿಸಿಲಲ್ಲಿ ಹನಿ ಆರಿದರೆ ನೀರು ಹೋಗಿ ಬಿಳಿ ಉಂಗುರ ಉಳಿಯುತ್ತದೆ. ಹಾಗೇ ಬಿಟ್ಟರೆ ಆಮೇಲೆ ಶಾಂಪೂಗೂ ಜಗ್ಗುವುದಿಲ್ಲ. ಆಗ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ತಣ್ಣಗಿರುವ ಬಣ್ಣದ ಮೇಲೆ ಒದ್ದೆ ಬಟ್ಟೆಯಲ್ಲಿ ಸವರಿ, ತಕ್ಷಣ ತೊಳೆದುಬಿಡಬೇಕು. ಆ ಗೋಜಿಗೇ ಹೋಗದಿರುವುದು ಒಳ್ಳೆಯದು. ಏಪ್ರಿಲ್‌ನಲ್ಲಿ ಬಿಸಿಲೇರುವ ಮೊದಲೇ ನೆರಳಲ್ಲಿ ತೊಳೆದು ಮುಗಿಸುತ್ತೇನೆ. ಕೊನೆಯ ಒಂದು ಬಕೆಟ್ ಮಾತ್ರ ಕಾವೇರಿ ನೀರು, ಅದರಿಂದ ಕಲೆ ಕಡಿಮೆ. ಒಂದಕ್ಕಿಂತ ಜಾಸ್ತಿ ಬಳಸಲು ಮನಸ್ಸು ಬರುವುದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದವರಿಗೆ 5000 ರೂಪಾಯಿ ದಂಡ ಅಂತ ಆದೇಶವೇ ಬಂದಿತ್ತಲ್ಲ.

ಟವೆಲ್ ಕೈಗೆತ್ತಿಕೊಳ್ಳುವ ಮೊದಲಿನ ಕೆಲಸದ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ವಿಮರ್ಶೆ ಅರ್ಧ. ಮೊದಲು ಮುಟ್ಟದೆ ಬರೀ ನೀರು ಹಾಕಿ ಧೂಳು ಇಳಿಸಬೇಕು. ಪ್ರೆಶರ್ ವಾಷರ್ ಇದ್ದರೆ ಸರಿ, ಇಲ್ಲದಿದ್ದರೆ ಮಗ್‌ನಲ್ಲಿ ಮೇಲಿನಿಂದ ಸುರಿದರೂ ನಡೆಯುತ್ತದೆ. ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ತೊಳೆಯುವ ಮೈಕ್ರೋಫೈಬರ್ ಗವುಸನ್ನು ಪ್ರತಿ ಭಾಗ ಆದಮೇಲೆ ಬರೀ ನೀರಿನಲ್ಲಿ ಜಾಲಿಸಿ, ಆಮೇಲಷ್ಟೇ ಶಾಂಪೂಗೆ ಅದ್ದಬೇಕು. ಜಾಲಿಸಿದ ಬಕೆಟ್ಟಿನ ತಳ ಒಮ್ಮೆ ನೋಡಿ, ನಿಮಗೇ ನಂಬಿಕೆ ಬರುತ್ತದೆ. ಟಾಪ್ ಮೊದಲು, ಬಂಪರ್ ಮತ್ತು ಬಾಗಿಲ ಕೆಳಭಾಗ ಕೊನೆಗೆ. ಚಕ್ರಕ್ಕೆ ಬೇರೆ ಬಟ್ಟೆ, ಬೇರೆ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ವ್ಯಾಕ್ಸ್ ಹಾಕಿಸಿದ್ದರೆ ಅದನ್ನೂ ಕಿತ್ತುಕೊಂಡು ಹೋಗುತ್ತದೆ.

ಆಯುಧಪೂಜೆ ಬೇರೆಯದೇ ಕಥೆ. ಬಾನೆಟ್ ಮೇಲೆ ಅರಿಶಿನ, ಕುಂಕುಮ, ವಿಭೂತಿ, ಗಂಧ, ಬಂಪರ್‌ಗೆ ಬಾಳೆಕಂದು, ಹೂವಿನ ಹಾರ ನಿಲ್ಲಲಿ ಅಂತ ಸೆಲ್ಲೋಟೇಪ್. ಮೈಸೂರಲ್ಲಿ ಇದನ್ನು ಬೇಡ ಅನ್ನಲು ಆಗುತ್ತದಾ? ಬೇಡ ಅನ್ನುವುದೂ ಇಲ್ಲ. ಆದರೆ ಮಾರನೇ ದಿನ ವಿಜಯದಶಮಿ ಅಂತ ಹಾಗೇ ಬಿಟ್ಟು, ಆಮೇಲೆ ಒಣ ಬಟ್ಟೆಯಲ್ಲಿ ಉಜ್ಜಿ ತೆಗೆಯುತ್ತಾರಲ್ಲ, ಗೆರೆ ಬೀಳುವುದು ಆಗಲೇ. ಮೊದಲು ನೀರು ಸುರಿದು ನೆನೆಯಲು ಬಿಡಿ, ಪುಡಿ ತಾನಾಗಿಯೇ ಇಳಿಯುತ್ತದೆ. ಈ ಟವೆಲ್ಲನ್ನು ಮಾತ್ರ ಅರಿಶಿನದ ಹತ್ತಿರ ತರಬೇಡಿ. ಕಲೆ ಹೋಗುವುದಿಲ್ಲ.

ಈಗ ದೂರುಗಳು. ಮಳೆಗಾಲದಲ್ಲಿ ಇದು ಒಣಗುವುದೇ ಇಲ್ಲ. ಜುಲೈನಲ್ಲಿ ಇಡೀ ದಿನ ಫ್ಯಾನ್ ಕೆಳಗೆ ಹರಡಿದರೂ ಮಧ್ಯದಲ್ಲಿ ತಣ್ಣಗೇ ಇರುತ್ತದೆ, ಮಡಚಿಟ್ಟರೆ ಮುಗ್ಗಲು ವಾಸನೆ. ಕನ್ನಡಿಯ ಸಂದಿ, ಬಾಗಿಲ ಹಿಡಿ, ನಂಬರ್ ಪ್ಲೇಟ್ ಸುತ್ತ ಇದು ನಡೆಯುವುದಿಲ್ಲ, ತುಂಬಾ ದಪ್ಪ. ನಂಬರ್ ಪ್ಲೇಟ್ ಅಂಚಿಗೆ ಸಿಕ್ಕಿ ನಾಲ್ಕಾರು ಕುಚ್ಚು ಕಿತ್ತು ಬಂದಿವೆ. ಹೊಸದರಲ್ಲಿ ಬಣ್ಣ ಬಿಟ್ಟಿತು, ಮೊದಲ ಒಗೆತವನ್ನು ಒಂಟಿಯಾಗಿಯೇ ಮಾಡಿ. ಕೈಜಾರಿ ನೆಲಕ್ಕೆ ಬಿದ್ದರೆ ಆ ದಿನಕ್ಕೆ ಅದರ ಕೆಲಸ ಮುಗಿಯಿತು, ಒಗೆಯದೆ ಕಾರಿಗೆ ತಾಗಿಸುವ ಹಾಗಿಲ್ಲ. ಇಷ್ಟು ಭಾರದ ಬಟ್ಟೆ ಜಾರುವುದೂ ಸುಲಭ.

ಒಗೆಯುವ ಬಗ್ಗೆ ಮನೆಯಲ್ಲಿ ಒಂದು ಒಪ್ಪಂದವೇ ಆಗಿದೆ. ಬೇರೆ ಬಟ್ಟೆ ಜೊತೆ ಹಾಕುವಂತಿಲ್ಲ. ಕಾಟನ್ ಬಟ್ಟೆಯ ನಾರು ಕುಚ್ಚಿಗೆ ಅಂಟಿಕೊಂಡರೆ ಬಿಡಿಸುವವರು ಯಾರು? ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಸ್ವಲ್ಪ ಲಿಕ್ವಿಡ್ ಡಿಟರ್ಜೆಂಟ್. ಬೋರ್ ನೀರಲ್ಲಿ ಪೌಡರ್ ಸರಿಯಾಗಿ ಕರಗದೆ ಎಳೆಗಳಲ್ಲಿ ಉಳಿಯುತ್ತದೆ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಕಂಡೀಷನರ್ ಸುತರಾಂ ಬೇಡ. ಅದು ಎಳೆಗಳ ಮೇಲೆ ಪದರ ಕಟ್ಟಿದರೆ ಟವೆಲ್ ನೀರು ಹೀರದೆ ಬರೀ ತಳ್ಳುತ್ತದೆ. ಕಳೆದ ವರ್ಷ ನನ್ನದು ಮಂಕಾಗಿತ್ತು. ಬರೀ ನೀರಲ್ಲಿ ಮೂರ್ನಾಲ್ಕು ಸಲ ಜಾಲಿಸಿದ ಮೇಲೆ ಸರಿಹೋಯಿತು. ಈಗ ಹೀರುವ ಶಕ್ತಿ ಹೊಸದರಷ್ಟಿಲ್ಲ, ಆದರೂ ಹ್ಯಾಚ್‌ಬ್ಯಾಕ್‌ಗೆ ಸಾಲುತ್ತದೆ.

ಹಳೇ ಗೆರೆಗಳು ಇದರಿಂದ ಹೋಗುತ್ತವಾ ಅಂತ ಕೇಳುವವರಿಗೆ: ಇಲ್ಲ. ಅದಕ್ಕೆ ಮೆಷಿನ್ ಪಾಲಿಶ್ ಬೇಕು, ಪ್ರತಿ ಪಾಲಿಶ್‌ಗೂ ಕ್ಲಿಯರ್ ಕೋಟ್ ಸ್ವಲ್ಪ ಸವೆಯುತ್ತದೆ. ನಾನು ಟವೆಲ್ ತರಿಸುವ ಮೊದಲು ಒಮ್ಮೆ ಮಾಡಿಸಿದ್ದೆ. ಆಮೇಲೆ ಹೊಸ ಗೆರೆ ಬಂದಿಲ್ಲ ಅಂದರೆ ಸುಳ್ಳು. ಬಂದಿವೆ, ಟಾರ್ಚ್ ಹಿಡಿದು ಹುಡುಕಿದರೆ ಕಾಣುವಷ್ಟು.

ಬಿಳಿ ಕಾರು, ಗ್ಯಾರೇಜಿನಲ್ಲಿ ನಿಲ್ಲುತ್ತದೆ, ತಿಂಗಳಿಗೊಮ್ಮೆ ತೊಳೆಯುತ್ತೀರಿ ಅಂದರೆ ಇಷ್ಟು ದುಬಾರಿಯದು ಬೇಕಿಲ್ಲ. ಜೇನುಗೂಡಿನ ನೇಯ್ಗೆಯ ತೆಳು ಮೈಕ್ರೋಫೈಬರ್ ಅರ್ಧ ಬೆಲೆಗೆ ಸಿಗುತ್ತದೆ, ಬೇಗ ಒಣಗುತ್ತದೆ ಕೂಡ. ಕಪ್ಪು, ಕಡುನೀಲಿ, ಕಡುಕೆಂಪು ಇದ್ದರೆ ತೆಗೆದುಕೊಳ್ಳಿ. ನಾನು ಇದೇ ನೇಯ್ಗೆಯ ಇನ್ನೊಂದು ತರಿಸಿದ್ದೇನೆ. ಸ್ವಲ್ಪ ಚಿಕ್ಕದು, ಹಿಂಡಲು ಸುಲಭ. ಹಳೆಯದು ಇನ್ನು ಮೇಲೆ ಬಾಗಿಲ ಒಳಂಚಿಗೆ, ಡಿಕ್ಕಿಗೆ.