ಹಳೇ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್: ಮಿಂಟ್, ಲುಬುಂಟು, ಆ್ಯಂಟಿಎಕ್ಸ್, ಪಪ್ಪಿ

ಈ ನಾಲ್ಕೂ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ (ಓಎಸ್) ಬಗೆಗಳು. ಮೊದಲು ಪ್ರೊಸೆಸರ್ 64 ಬಿಟ್ಟೋ 32 ಬಿಟ್ಟೋ, ರ್‍ಯಾಮ್ ಎಷ್ಟಿದೆ ಎಂದು ನೋಡಿಕೊಳ್ಳಿ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

64 ಬಿಟ್, 4 ಜಿಬಿ ರ್‍ಯಾಮ್ ಇದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ (ಹಗುರವಾದ ಡೆಸ್ಕ್‌ಟಾಪ್ ಇರುವ) ಆವೃತ್ತಿಯೇ ಸರಿ; ಬೇರೆ ಹುಡುಕುವುದೇ ಬೇಡ. ವಿಂಡೋಸ್ ಬಳಸಿದವರಿಗೆ ಮೆನು ಅಪರಿಚಿತ ಅನಿಸುವುದಿಲ್ಲ. ಇನ್‌ಸ್ಟಾಲ್ ಆದಮೇಲೆ ವೈಫೈ ಕಾಣದಿದ್ದರೆ ಸಾಮಾನ್ಯವಾಗಿ ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ ಇರುತ್ತದೆ. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚಿಕೆ) ಆನ್ ಮಾಡಿ, ಡ್ರೈವರ್ ಮ್ಯಾನೇಜರ್‌ನಿಂದ ಡ್ರೈವರ್ ಹಾಕಿಕೊಳ್ಳಿ.

2 ಜಿಬಿ ಮಾತ್ರ ಇದ್ದರೆ ಲುಬುಂಟು ನಡೆಯುತ್ತದೆ, ಆದರೆ ಬ್ರೌಸರ್‌ನಲ್ಲಿ ನಾಲ್ಕೈದು ಟ್ಯಾಬ್ ತೆರೆದರೆ ತೆವಳುತ್ತದೆ. ಇದು ಲುಬುಂಟುವಿನ ತಪ್ಪಲ್ಲ, ಇಂದಿನ ವೆಬ್‌ಸೈಟುಗಳೇ ಅಷ್ಟು ಭಾರ.

32 ಬಿಟ್ ಯಂತ್ರಕ್ಕೆ ಇವೆರಡರ ಹೊಸ ಆವೃತ್ತಿ ಸಿಗುವುದಿಲ್ಲ. ಇಂಥ ಹಲವು ಲಿನಕ್ಸ್‌ಗಳಿಗೆ ಬುನಾದಿಯಾದ ಡೆಬಿಯನ್ ಕೂಡ 2025ರ 13ನೇ ಆವೃತ್ತಿಯಿಂದ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡುತ್ತಿಲ್ಲ. ಡೆಬಿಯನ್ 12ರ ಮೇಲೆ ಕಟ್ಟಿದ ಆ್ಯಂಟಿಎಕ್ಸ್ 23 ಇಲ್ಲಿ ಕೈಹಿಡಿಯುತ್ತದೆ. 1 ಜಿಬಿಯಲ್ಲೂ ಚುರುಕು. ಮೆನು ಮಾತ್ರ ಹೊಸಬರಿಗೆ ತಲೆನೋವು. ಕನ್ನಡದ ಜಾಗದಲ್ಲಿ ಬರೀ ಚೌಕ ಕಂಡರೆ ಲೋಹಿತ್ ಕನ್ನಡ ಫಾಂಟ್ ಹಾಕಿ.

ಹಾರ್ಡ್ ಡಿಸ್ಕೇ ಕೆಟ್ಟಿದೆಯೇ? ಪಪ್ಪಿ ಪೆನ್‌ಡ್ರೈವ್‌ನಿಂದ ಬೂಟ್ ಆಗಿ ರ್‍ಯಾಮ್‌ನಲ್ಲೇ ಓಡುತ್ತದೆ. ಮೊದಲ ಸಲ ಶಟ್‌ಡೌನ್ ಮಾಡುವಾಗ ಸೆಷನ್ (ಆವರೆಗೆ ಮಾಡಿದ ಕೆಲಸ, ಸೆಟ್ಟಿಂಗ್) ಉಳಿಸಬೇಕೇ ಎಂದು ಕೇಳುತ್ತದೆ. ಬೇಡ ಎಂದರೆ, ಅಥವಾ ಅಷ್ಟರಲ್ಲಿ ಕರೆಂಟ್ ಹೋದರೆ, ಸೆಟ್ಟಿಂಗ್ ಎಲ್ಲ ಮಾಯ. ಮೇಲಾಗಿ ಎಲ್ಲ ಕೆಲಸವೂ ರೂಟ್ (ಎಲ್ಲ ಅಧಿಕಾರವಿರುವ) ಬಳಕೆದಾರನಾಗಿಯೇ ನಡೆಯುವುದರಿಂದ ಬ್ಯಾಂಕ್ ವ್ಯವಹಾರಕ್ಕೆ ಇದನ್ನು ಬಳಸದಿರುವುದೇ ಲೇಸು.

ಇನ್ನು ಡಿಸ್ಕ್ ಸರಿಯಿದ್ದೂ ಯಂತ್ರ ನಿಧಾನವೆಂದರೆ, ಓಎಸ್ ಬದಲಿಸುವುದಕ್ಕಿಂತ ಹಳೇ ಹಾರ್ಡ್ ಡಿಸ್ಕ್ ಬದಲು 120 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿದರೆ ಹೆಚ್ಚು ಫಲ.