ತಾರಸಿ ಬಿಸಿಲಿಗೆ ಯಾವ ಕೆಪ್ಯಾಸಿಟರ್? ನನ್ನ ವೋಟು ಎಕ್ಸ್7ಆರ್‌ಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಬೋರ್ಡ್‌ಗಳಲ್ಲಿ ಇನ್ನು ಎಕ್ಸ್7ಆರ್ ಬಗೆಯ ಸೆರಾಮಿಕ್ ಕೆಪ್ಯಾಸಿಟರೇ (ಒಂದಿಷ್ಟು ವಿದ್ಯುತ್ ಹಿಡಿದಿಟ್ಟು ಬೇಕಾದಾಗ ಕೊಡುವ ಬಿಡಿಭಾಗ). ವೈ5ವಿ ಅನ್ನುವ ಇನ್ನೊಂದು ಸೆರಾಮಿಕ್ ಬಗೆಯ ಸಹವಾಸ ಸಾಕಾಯಿತು. ಎರಡು ವಾರ ನನ್ನನ್ನು ತಾರಸಿ ಹತ್ತಿಸಿ ಇಳಿಸಿದೆ ಅದು.

ಟ್ಯಾಂಕ್‌ನಲ್ಲಿ ನೀರೆಷ್ಟಿದೆ ಅಂತ ನೋಡಲು ಇಎಸ್‌ಪಿ32 ಅನ್ನುವ ವೈಫೈ ಚಿಪ್ ಇಟ್ಟು ಒಂದು ಬೋರ್ಡ್ ಮಾಡಿದ್ದೆ. ಬೆಂಗಳೂರಿನ ಎಸ್.ಪಿ. ರೋಡ್‌ನ ಒಂದು ಅಂಗಡಿಯಲ್ಲಿ "10 ಮೈಕ್ರೋಫ್ಯಾರಡ್, ಎಸ್‌ಎಂಡಿ ಕೊಡಿ" ಅಂದೆ, ಅಂದರೆ ಕಾಲಿಲ್ಲದೆ ನೇರ ಬೋರ್ಡ್ ಮೇಲೆ ಕೂರುವ ಕೆಪ್ಯಾಸಿಟರ್. ಕೊಟ್ಟರು. ಯಾವ ಬಗೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೇಜಿನ ಮೇಲೆ ಚೆನ್ನಾಗೇ ಓಡಿತು. ರಾತ್ರಿ ತಾರಸಿಯಲ್ಲೂ ಓಡಿತು. ಮಧ್ಯಾಹ್ನ ಹನ್ನೆರಡಾದರೆ ಸಾಕು, ರೀಸೆಟ್ ಮೇಲೆ ರೀಸೆಟ್. ಲಾಗ್ ತುಂಬ ಬ್ರೌನ್‌ಔಟ್, ಅಂದರೆ ಚಿಪ್‌ಗೆ ವೋಲ್ಟೇಜ್ ಸಾಲಲಿಲ್ಲ ಅನ್ನುವ ದೂರು. ವೈಫೈ ಕಳಿಸುವಾಗ ಈ ಚಿಪ್ 240 ಮಿಲಿಆಂಪ್‌ವರೆಗೂ ಎಳೆಯುತ್ತದೆ, ಆ ಕ್ಷಣಕ್ಕೆ ಪಕ್ಕದ ಕೆಪ್ಯಾಸಿಟರ್ ಕೈಕೊಟ್ಟರೆ ವೋಲ್ಟೇಜ್ ಕುಸಿಯುತ್ತದೆ. ಆದರೆ ನನಗೆ ಅಡಾಪ್ಟರ್ ಮೇಲೆ ಅನುಮಾನ. ಅದನ್ನು ಬದಲಿಸಿದೆ. ಕೇಬಲ್ ಬದಲಿಸಿದೆ. ರೆಗ್ಯುಲೇಟರ್ ಕಿತ್ತು ಹೊಸದು ಹಾಕಿದೆ. ಕೊನೆಗೆ ಕೆಪ್ಯಾಸಿಟರ್ ತೆಗೆದು ಮೀಟರ್‌ಗೆ ಕೊಟ್ಟರೆ 9 ಚಿಲ್ಲರೆ ತೋರಿಸಿತು. ಸರಿ ಇದೆಯಲ್ಲ ಅಂತ ವಾಪಸ್ ಸೋಲ್ಡರ್ ಮಾಡಿದೆ!

ಮೀಟರ್ ಅಳೆದದ್ದು ರಾತ್ರಿ, ಫ್ಯಾನ್ ಕೆಳಗೆ, ತೀರಾ ಕಡಿಮೆ ವೋಲ್ಟೇಜ್‌ನಲ್ಲಿ. ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ವೈ5ವಿ ಅಂತ ಇದ್ದದ್ದು ಆಮೇಲೆ ಕಂಡಿತು. ಆ ಹೆಸರಿನ ಅರ್ಥವೇ -30ರಿಂದ 85 ಡಿಗ್ರಿಯೊಳಗೆ ಕೆಪ್ಯಾಸಿಟನ್ಸ್ 82% ತನಕ ಇಳಿಯಬಹುದು ಅಂತ. ನನ್ನದು ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆ, ಮೇಲೆ ಏಪ್ರಿಲ್ ಬಿಸಿಲು. ಸಾಲದ್ದಕ್ಕೆ 3.3 ವೋಲ್ಟ್ ಕೊಟ್ಟಾಗ ಇನ್ನಷ್ಟು ಇಳಿಯುತ್ತದೆ. ನಂಬಿಕೆ ಬರಲಿಲ್ಲ, ಮೀಟರ್‌ಗೆ ಸಿಕ್ಕಿಸಿ ಹೇರ್ ಡ್ರೈಯರ್ ಹಿಡಿದೆ. ಅಂಕಿ ಕಣ್ಣೆದುರೇ ಜಾರಿ 4ಕ್ಕೆ ಬಂತು.

ಎಕ್ಸ್7ಆರ್‌ಗೆ -55ರಿಂದ 125 ಡಿಗ್ರಿವರೆಗೆ ಏರುಪೇರು 15% ಅಷ್ಟೇ. ವೋಲ್ಟೇಜ್ ಕೊಟ್ಟರೆ ಇದೂ ಇಳಿಯುತ್ತದೆ, ಅದಕ್ಕೇ 6.3 ವೋಲ್ಟ್‌ವರೆಗೆ ತಾಳುವುದು ಬೇಡ ಅಂತ 16 ವೋಲ್ಟ್ ತಾಳುವ, 1206 ಅನ್ನುವ ಸ್ವಲ್ಪ ದೊಡ್ಡ ಸೈಜ್ ತಂದೆ. ನನ್ನ ಕಣ್ಣಿಗೂ ಸೋಲ್ಡರಿಂಗ್ ಐರನ್‌ಗೂ ಆ ಸೈಜೇ ಹಿತ. ಬೆಲೆ ಎರಡರಷ್ಟಾಯಿತು. ಬೋರ್ಡ್‌ಗೆ ನಾಲ್ಕೈದು ಹಾಕುವವನಿಗೆ ಅದೇನು ಲೆಕ್ಕ ಅಲ್ವಾ? ಸಾವಿರಗಟ್ಟಲೆ ಮಾಡುವವರ ಮಾತು ಬೇರೆ. ಚಿಪ್‌ನ ಪವರ್ ಪಿನ್‌ಗೆ ಅಂಟಿಕೊಂಡಂತೆ 0.1 ಮೈಕ್ರೋಫ್ಯಾರಡ್‌ನದು, ಅದರ ಪಕ್ಕ 10ರದು. ಮಧ್ಯಾಹ್ನದ ರೀಸೆಟ್ ಅವತ್ತೇ ನಿಂತಿತು.

ಎಲೆಕ್ಟ್ರೋಲಿಟಿಕ್ 100 ಮೈಕ್ರೋಫ್ಯಾರಡ್ ಒಂದನ್ನು ಬೋರ್ಡ್‌ಗೆ ಕರೆಂಟ್ ಬರುವ ಬಾಗಿಲಲ್ಲಿ ಇಟ್ಟಿದ್ದೇನೆ. ಚಿಪ್ ಪಕ್ಕದ ಕೆಲಸಕ್ಕೆ ಅದು ನಿಧಾನ, ಬಿಸಿಲಲ್ಲಿ ಆಯಸ್ಸೂ ಕಡಿಮೆ.

ಟ್ಯಾಂಟಲಮ್ ಬೇಡಪ್ಪ. ಅದರ ಪಟ್ಟಿ ಇರುವುದು ಪ್ಲಸ್ ಕಡೆ, ಎಲೆಕ್ಟ್ರೋಲಿಟಿಕ್‌ನಲ್ಲಿ ಮೈನಸ್ ಕಡೆ. ಒಮ್ಮೆ ತಿರುಗಿಸಿ ಹಾಕಿ ಹೊಗೆ ಕುಡಿದಿದ್ದೇನೆ.

104 (ಅಂದರೆ 0.1 ಮೈಕ್ರೋಫ್ಯಾರಡ್) ಅಂತ ಬರೆದ, ಉದ್ದ ಕಾಲಿನ ಡಿಸ್ಕ್ ಸೆರಾಮಿಕ್ ಬ್ರೆಡ್‌ಬೋರ್ಡ್ ಆಟಕ್ಕೆ ಸಾಕು. ಉದ್ದ ಕಾಲು ಬಿಟ್ಟರೆ ಮಿಲಿಮೀಟರ್‌ಗೆ ಸುಮಾರು ಒಂದು ನ್ಯಾನೊಹೆನ್ರಿ ಇಂಡಕ್ಟನ್ಸ್ (ಕರೆಂಟ್ ಥಟ್ಟನೆ ಹರಿಯಲು ಬಿಡದ ಗುಣ) ಸೇರುತ್ತದೆ, ಕತ್ತರಿಸಿ ಹಾಕಿ.

ಉಳಿದ ವೈ5ವಿಗಳನ್ನು ಬೇರೆ ಡಬ್ಬಿಗೆ ಹಾಕಿ ಕೆಂಪು ಟೇಪ್ ಸುತ್ತಿದ್ದೇನೆ. ಮೈಮೇಲೆ ಒಂದಕ್ಷರವೂ ಇರುವುದಿಲ್ಲ ನೋಡಿ, ಎಕ್ಸ್7ಆರ್ ಜೊತೆ ಬೆರೆತರೆ ಮತ್ತೆ ಹೇರ್ ಡ್ರೈಯರ್ ಹಿಡಿದು ಕೂರಬೇಕು.